‘ಏನೂ ಇಲ್ರೀ ಸರ್, ಆರಾಮ ಅದೀನಿ’: ಪ್ರಶ್ನಾವಳಿಯ ಉತ್ತರವನ್ನು ಎಷ್ಟು ನಂಬಬೇಕು?



ಈ ವರ್ಷ ನಿಮ್ಮಲ್ಲಿ ಅನೇಕರು ಪ್ರಾಜೆಕ್ಟ್‌ಗಾಗಿ ಪ್ರಶ್ನಾವಳಿ ಹಿಡಿದುಕೊಂಡು ರಂಗಂಪೇಟೆ, ತಿಮ್ಮಾಪುರದ ಓಣಿಗಳಲ್ಲಿ ತಿರುಗುತ್ತಿದ್ದೀರಿ. ಕೆಲವರ ವಿಷಯ ಮೊಬೈಲ್ ಬಳಕೆ, ಕೆಲವರದು ಪರೀಕ್ಷೆಯ ಭಯ, ಇನ್ನು ಕೆಲವರದು ನಿದ್ದೆ. ಉತ್ತರಗಳನ್ನು ಎಣಿಸಿ, ಬಣ್ಣದ ಪೆನ್ಸಿಲ್ಲಿನಿಂದ ಚಿತ್ರ ಬರೆದು, ‘ಇಷ್ಟು ಶೇಕಡ ಜನರಿಗೆ ಹೀಗಿದೆ’ ಎಂದು ಕೆಳಗೆ ಬರೆದು ನನ್ನ ಮೇಜಿನ ಮೇಲೆ ತಂದಿಡುತ್ತೀರಿ. ಅದನ್ನು ನೋಡಿದಾಗಲೆಲ್ಲ ನಾನೇ ಹಿಂದೊಮ್ಮೆ ತಯಾರಿಸಿದ ಒಂದು ಪಟ್ಟಿ ನೆನಪಾಗುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಕಲಿಸುವುದು ಸಮಾಜಶಾಸ್ತ್ರ. ಮನಃಶಾಸ್ತ್ರವನ್ನು ಬಿ.ಎಡ್.ನಲ್ಲಿ ಓದಿದ್ದು, ಆಮೇಲೆ ಆಸಕ್ತಿಯಿಂದ ಓದಿಕೊಂಡದ್ದು. ಒಂದು ವರ್ಷ ದ್ವಿತೀಯ ಪಿಯುಸಿ ಕಲಾ ವಿಭಾಗದವರಿಗೆ ಒಂದು ಪುಟದ ಫಾರ್ಮ್ ಕೊಟ್ಟೆ. ‘ಮನೆಯಲ್ಲಿ ಓದಲು ತೊಂದರೆ ಇದೆಯೇ?’ ‘ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೇ?’ ‘ಮಾನಸಿಕ ಒತ್ತಡ ಇದೆಯೇ?’ ಹೀಗೆ ಹತ್ತು ಪ್ರಶ್ನೆ. ಮೇಲೆ ಹೆಸರು, ರೋಲ್ ನಂಬರ್. ಹೆಚ್ಚುಕಡಿಮೆ ಎಲ್ಲರೂ ತೊಂದರೆಗೆ ‘ಇಲ್ಲ’, ನಿದ್ದೆಗೆ ‘ಹೌದು’, ಒತ್ತಡಕ್ಕೆ ‘ಇಲ್ಲ’ ಎಂದು ಬರೆದಿದ್ದರು. ನಾನು ಪಟ್ಟಿ ಮಾಡಿ ಸಿಬ್ಬಂದಿ ಸಭೆಯಲ್ಲಿ ಓದಿದೆ. ನಮ್ಮ ಮಕ್ಕಳು ಆರಾಮಾಗಿದ್ದಾರೆ ಎಂದು ಎಲ್ಲರಿಗೂ ಸಮಾಧಾನವಾಯಿತು.

ಹತ್ತಿಯ ಸುಗ್ಗಿ ಶುರುವಾದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗ ಬರುವುದು ಕಡಿಮೆಯಾಯಿತು. ಬಂದ ದಿನ ತರಗತಿಯಲ್ಲೇ ನಿದ್ದೆ. ನಾನು ಎರಡು ಸಲ ಗದರಿಸಿದೆ. ಮೂರನೆಯ ಸಲ ಗದರಿಸಲು ಅವನೇ ಇರಲಿಲ್ಲ. ಎರಡು ತಿಂಗಳ ನಂತರ ಬಸ್ ನಿಲ್ದಾಣದಲ್ಲಿ ಸಿಕ್ಕ. ಅವರ ಅಬ್ಬಾ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ವರ್ಷವಾಗಿತ್ತು, ಹಣ ಕಳಿಸುವುದು ನಿಂತಿತ್ತು. ಇವನು ರಾತ್ರಿ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಚೀಲ ಹೊರುತ್ತಿದ್ದ. ನಾನು ಕಾಲೇಜಿಗೆ ಬಂದು ಅವನ ಫಾರ್ಮ್ ಹುಡುಕಿ ತೆಗೆದೆ. ಓದಲು ತೊಂದರೆ ಇದೆಯೇ? ‘ಇಲ್ಲ.’ ನಿದ್ದೆ? ‘ಹೌದು.’ ಅಕ್ಷರ ಚೆಂದ ಇತ್ತು.

ಮುಂದಿನ ಸಲ ಸಿಕ್ಕಾಗ ಕೇಳಿದೆ, ‘ಯಾಕಪ್ಪಾ ಇಲ್ಲ ಅಂತ ಬರ್ದಿ?’

‘ಹೆಸರ ಬರೀರಿ ಅಂದಿದ್ರಲ್ರೀ ಸರ್. ಹೆಸರ ಬರ್ದ ಮ್ಯಾಲ ಅಂಥಾದ್ದೆಲ್ಲ ಹ್ಯಾಂಗ ಬರೀಲಿ?’ ಎಂದ. ಸ್ವಲ್ಪ ತಡೆದು, ‘ಮತ್ತ ಅದು ತೊಂದ್ರಿ ಅಂತ ನನಗ ಅನಿಸೇ ಇರ್ಲಿಲ್ರಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗೇ ಅದಾರ’ ಎಂದ.

ಈ ಎರಡು ಮಾತಿನಲ್ಲಿ ಮನಃಶಾಸ್ತ್ರದ ಸಂಶೋಧಕರು ಬಹಳ ಕಾಲದಿಂದ ಗುದ್ದಾಡುತ್ತಿರುವ ಸಮಸ್ಯೆಯ ಬಹುಭಾಗ ಇದೆ.

ಒಬ್ಬ ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿದ ಮಾಹಿತಿಯನ್ನು ‘ಸ್ವಯಂ ವರದಿ’ ಎನ್ನುತ್ತಾರೆ. ಪ್ರಶ್ನಾವಳಿ, ಸಂದರ್ಶನ, ವ್ಯಕ್ತಿತ್ವ ಪರೀಕ್ಷೆ, ಮನೋಭಾವದ ಮಾಪಕ, ಎಲ್ಲವೂ ಇದರ ಮೇಲೆಯೇ ನಿಂತಿವೆ. ಖರ್ಚು ಕಡಿಮೆ, ಬೇಗ ಆಗುತ್ತದೆ. ಕೆಲವು ವಿಷಯಕ್ಕೆ ಬೇರೆ ದಾರಿಯೂ ಇಲ್ಲ. ಹೊಟ್ಟೆ ಎಷ್ಟು ನೋಯುತ್ತದೆ, ಮನಸ್ಸು ಎಷ್ಟು ಭಾರವಾಗಿದೆ ಎಂಬುದನ್ನು ಅನುಭವಿಸುವವರೇ ಹೇಳಬೇಕು. ಆದ್ದರಿಂದ ಪ್ರಶ್ನಾವಳಿಯನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲೆ ಬಂದ ‘ಇಲ್ಲ’ ಎಂಬುದು ನಿಜವಾಗಿ ಏನನ್ನು ಅಳೆದಿದೆ ಎಂದು ಕೇಳಿಕೊಳ್ಳಿ ಎನ್ನುತ್ತಿದ್ದೇನೆ.

ಹುಡುಗನ ಮೊದಲ ಮಾತನ್ನೇ ತೆಗೆದುಕೊಳ್ಳೋಣ. ಕೇಳುವವರ ಮುಂದೆ ಚೆನ್ನಾಗಿ ಕಾಣಬೇಕು ಎಂಬ ಆಸೆ ಎಲ್ಲರಿಗೂ ಇರುತ್ತದೆ. ಡೌಗ್ಲಾಸ್ ಕ್ರೌನ್ ಮತ್ತು ಡೇವಿಡ್ ಮಾರ್ಲೋ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 1960ರಲ್ಲಿ ಈ ಆಸೆಯನ್ನು ಅಳೆಯಲೆಂದೇ ಒಂದು ಮಾಪಕ ಮಾಡಿದರು. ನಡತೆಯಲ್ಲಿ ಎಂದೂ ತಪ್ಪಿದ್ದೇ ಇಲ್ಲ ಎನ್ನುವಂಥ, ಯಾರಿಗೂ ಪೂರ್ತಿ ನಿಜವಾಗಲಾರದ ಒಳ್ಳೆಯ ಮಾತುಗಳಿಗೆ ಒಬ್ಬರು ಮೇಲಿಂದ ಮೇಲೆ ಹೌದು ಎಂದರೆ, ಅವರ ಉಳಿದ ಉತ್ತರಗಳನ್ನೂ ಎಚ್ಚರದಿಂದ ನೋಡಬೇಕು ಎಂಬುದು ಲೆಕ್ಕ. ‘ದಿನಕ್ಕೆ ಎಷ್ಟು ಗಂಟೆ ಓದುತ್ತೀರಿ’ ಎಂದು ನಾನು ತರಗತಿಯಲ್ಲಿ ನಿಂತು ಕೇಳಿದರೆ ನಿಮ್ಮ ಉತ್ತರ ಬೇರೆ. ರಾತ್ರಿ ಗೆಳೆಯ ಕೇಳಿದರೆ ಬೇರೆ. ಎರಡೂ ಸುಳ್ಳು ಇರಲಿಕ್ಕಿಲ್ಲ, ಆದರೆ ಎರಡೂ ಒಂದೇ ಅಲ್ಲ.

ಇದರ ತಿರುವುಮುರುವೂ ಉಂಟು. ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರಿಂದ ಎರಡು ವರ್ಷ ಚೀನೀ ದಂಪತಿಗಳ ಜೊತೆ ಅಮೆರಿಕ ಸುತ್ತಿದ. ಆಗ ಅಲ್ಲಿ ಚೀನೀಯರ ಮೇಲೆ ತಿರಸ್ಕಾರ ಬಹಳ. ಆದರೂ ಅವರು ಹೋದ 251 ಹೋಟೆಲು, ವಸತಿಗಳಲ್ಲಿ ಒಂದೇ ಒಂದು ಕಡೆ ಬಾಗಿಲು ಮುಚ್ಚಿದರು. ಆರು ತಿಂಗಳ ನಂತರ ಅದೇ ಮಾಲೀಕರಿಗೆ ‘ಚೀನೀಯರಿಗೆ ಜಾಗ ಕೊಡುತ್ತೀರಾ?’ ಎಂದು ಪತ್ರ ಬರೆದ. ಉತ್ತರ ಬರೆದ 128 ಜನರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ‘ಕೊಡುವುದಿಲ್ಲ’ ಎಂದರು. 1934ರಲ್ಲಿ ಇದು ಪ್ರಕಟವಾಯಿತು. ಈ ಅಧ್ಯಯನದಲ್ಲಿ ಲೋಪಗಳಿವೆ. ಪತ್ರಕ್ಕೆ ಉತ್ತರ ಬರೆದವರೇ ಬಾಗಿಲಲ್ಲಿ ಸ್ವಾಗತಿಸಿದವರು ಎಂದು ಹೇಳಲಾಗದು. ಆದರೂ ಕಾಗದದ ಮೇಲಿನ ಮನುಷ್ಯ ಮತ್ತು ಎದುರಿಗೆ ನಿಂತ ಮನುಷ್ಯ ಬೇರೆ ಬೇರೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮೂರಿನವರು ಟೇಲರ್ ಮಂಜಿಲ್ ನೋಡಿರುತ್ತೀರಿ. ಆ ಮೆಡೋಸ್ ಟೇಲರ್ ಸುರಪುರಕ್ಕೆ ಬರುವ ಮೊದಲು, 1839ರಲ್ಲಿ, ಒಬ್ಬ ಠಗನ ತಪ್ಪೊಪ್ಪಿಗೆಯ ರೂಪದಲ್ಲಿ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದ. ಠಗರ ಬಗ್ಗೆ ಆಗ ಸರ್ಕಾರಕ್ಕೆ ಸಿಕ್ಕ ಮಾಹಿತಿಯ ಬಹುಭಾಗ ಮಾಫಿಸಾಕ್ಷಿಗಳಾದ ಕೈದಿಗಳ ಬಾಯಿಂದ ಬಂದದ್ದು. ಹೇಳಿದರೆ ಗಲ್ಲು ತಪ್ಪುತ್ತಿತ್ತು. ಅಂಥ ಹೇಳಿಕೆಗಳನ್ನು ಎಷ್ಟು ನಂಬಬೇಕು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಿದ್ದಾರೆ. ಉತ್ತರದಿಂದ ಉತ್ತರಿಸುವವರಿಗೆ ಏನು ಲಾಭ, ಏನು ನಷ್ಟ ಎಂಬುದು ಯಾವ ಪ್ರಶ್ನಾವಳಿಯ ಹಿಂದೆಯೂ ಇರುತ್ತದೆ. ಮನೆಗೆ ಬಂದು ‘ಆದಾಯ ಎಷ್ಟು’ ಎಂದು ಕೇಳಿದರೆ ಜನ ಮೊದಲು ಯೋಚಿಸುವುದು ರೇಷನ್ ಕಾರ್ಡಿನ ಬಗ್ಗೆ.

ಈಗ ಹುಡುಗನ ಎರಡನೆಯ ಮಾತು. ನನಗೆ ಹೆಚ್ಚು ನಿದ್ದೆಗೆಡಿಸಿದ್ದು ಇದು. ಮೊದಲನೆಯದರಲ್ಲಿ ಅವನಿಗೆ ತೊಂದರೆ ಗೊತ್ತಿತ್ತು, ಹೇಳಲಿಲ್ಲ. ಎರಡನೆಯದರಲ್ಲಿ ತೊಂದರೆಯೇ ಅವನಿಗೆ ತೊಂದರೆಯಾಗಿ ಕಂಡಿರಲಿಲ್ಲ. ಹೆಸರು ಬರೆಸದೇ ಇದ್ದರೂ ‘ಇಲ್ಲ’ ಎಂದೇ ಬರೆಯುತ್ತಿದ್ದ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೆನ್. ಬಂಗಾಳದ ಭೀಕರ ಬರದ ಮರುವರ್ಷ, 1944ರಲ್ಲಿ, ಕಲ್ಕತ್ತದ ಬಳಿಯ ಸಿಂಗೂರಿನಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಒಂದು ಸಮೀಕ್ಷೆ ಮಾಡಿತ್ತು. ಹೆಂಡತಿ ತೀರಿಕೊಂಡ ಗಂಡಸರಲ್ಲಿ ಶೇ. 48.5 ಮಂದಿ ತಮ್ಮ ಆರೋಗ್ಯ ಕೆಟ್ಟಿದೆ ಅಥವಾ ಅಷ್ಟಕ್ಕಷ್ಟೇ ಎಂದರು. ಗಂಡ ತೀರಿಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ಶೇ. 2.5 ಮಾತ್ರ. ಆ ಕಾಲದ ವಿಧವೆಯರ ಊಟ, ಆರೈಕೆ ಹೇಗಿತ್ತು ಎಂದು ತಿಳಿದ ಯಾರಾದರೂ ಈ ಅಂಕಿಯನ್ನು ನಂಬುತ್ತಾರೆಯೇ? ‘ಅಷ್ಟಕ್ಕಷ್ಟೇ’ ಎಂಬ ಉತ್ತರವನ್ನು ಒಬ್ಬ ವಿಧವೆಯೂ ಕೊಟ್ಟಿರಲಿಲ್ಲ. ನನ್ನ ಆರೋಗ್ಯ ಇದಕ್ಕಿಂತ ಚೆನ್ನಾಗಿರಬಹುದಿತ್ತು ಎಂದು ಹೇಳಬೇಕಾದರೆ, ಚೆನ್ನಾಗಿರುವುದು ತನ್ನ ಪಾಲಿಗೂ ಇದೆ ಎಂಬ ಕಲ್ಪನೆ ಇರಬೇಕು. ಸೆನ್ 2002ರಲ್ಲಿ ಇದೇ ವಾದವನ್ನು ರಾಜ್ಯಗಳಿಗೂ ಅನ್ವಯಿಸಿದರು. ಜನರನ್ನೇ ಕೇಳಿದರೆ ದೇಶದಲ್ಲಿ ಹೆಚ್ಚು ಕಾಯಿಲೆ ಕೇರಳದಲ್ಲಿ, ಬಹಳ ಕಡಿಮೆ ಬಿಹಾರದಲ್ಲಿ. ಆದರೆ ಹೆಚ್ಚು ವರ್ಷ ಬದುಕುವವರು ಕೇರಳದವರು. ಓದು, ಆಸ್ಪತ್ರೆ ಇದ್ದ ಕಡೆ ಕಾಯಿಲೆಯನ್ನು ಕಾಯಿಲೆ ಎಂದು ಗುರುತಿಸುತ್ತಾರೆ. ಉತ್ತರವನ್ನು ಮಾತ್ರ ನಂಬುವ ಸರ್ಕಾರವಿದ್ದರೆ ಹಣವನ್ನೆಲ್ಲ ಕೇರಳಕ್ಕೆ ಕಳಿಸಿ ಬಿಹಾರವನ್ನು ಆರಾಮಾಗಿದೆ ಎಂದು ಬಿಡಬೇಕಾಗುತ್ತದೆ. ನಾನು ಸಿಬ್ಬಂದಿ ಸಭೆಯಲ್ಲಿ ಮಾಡಿದ್ದು ಸಣ್ಣ ಪ್ರಮಾಣದಲ್ಲಿ ಇದನ್ನೇ.

ದೆಹಲಿಯಲ್ಲಿ ಜಿಷ್ಣು ದಾಸ್ ಮತ್ತು ಸಂಗಡಿಗರು 1621 ಜನರನ್ನು 2000ದಿಂದ 2002ರವರೆಗೆ ಹಿಂಬಾಲಿಸಿ ಕಾಯಿಲೆಯ ಬಗ್ಗೆ ಕೇಳಿದರು. 2008ರಲ್ಲಿ ಮತ್ತೆ ಕೆಲವು ವಾರ ಪರೀಕ್ಷಿಸಿದರು. ಕೆಲವು ಸಲ ‘ಕಳೆದ ವಾರ’ ಎಂದು, ಕೆಲವು ಸಲ ‘ಕಳೆದ ತಿಂಗಳು’ ಎಂದು ಪ್ರಶ್ನೆ. ತಿಂಗಳ ಲೆಕ್ಕ ಕೇಳಿದಾಗ ಕಾಯಿಲೆಯೂ ಡಾಕ್ಟರ ಬಳಿ ಹೋದದ್ದೂ ಎಷ್ಟೋ ಮರೆತುಹೋಗಿತ್ತು. ಬಡವರಲ್ಲಿ ಈ ಮರೆವು ಶ್ರೀಮಂತರಿಗಿಂತ ಹೆಚ್ಚು. ವಾರದ ಲೆಕ್ಕದಲ್ಲಿ ಬಡವರೇ ಹೆಚ್ಚು ಸಲ ಡಾಕ್ಟರ ಬಳಿ ಹೋಗಿದ್ದರು. ತಿಂಗಳ ಲೆಕ್ಕದಲ್ಲಿ ಶ್ರೀಮಂತರು ಹೆಚ್ಚು ಹೋದಂತೆ ಕಂಡಿತು. ಒಂದು ಪದ ಬದಲಾದದ್ದಕ್ಕೆ ತೀರ್ಮಾನವೇ ತಲೆಕೆಳಗು. ಬಡವರ ನೆನಪಿನ ಶಕ್ತಿ ಕಡಿಮೆ ಎಂದು ಇದರ ಅರ್ಥವಲ್ಲ. ಕಾಯಿಲೆ ಅವರಿಗೆ ನೆನಪಿಡಬೇಕಾದಂಥ ಸಂಗತಿಯಾಗಿ ಉಳಿದಿಲ್ಲ, ದಿನದ ಬದುಕಿನ ಭಾಗವಾಗಿಬಿಟ್ಟಿದೆ ಎಂದು ಆ ಸಂಶೋಧಕರು ವಿವರಿಸುತ್ತಾರೆ. ‘ಎಲ್ಲಾರೂ ಹಂಗೇ ಅದಾರ’ ಎಂದ ಹುಡುಗ ಹೇಳಿದ್ದೂ ಅದೇ.

ನಮ್ಮ ರಾಜ್ಯದ ಉದಾಹರಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಅಲ್ಲಿ ಡಾ. ರಘುರಾಮ್, ಚನ್ನಬಸವಣ್ಣ ಅವರು ಮಿಚೆಲ್ ವೈಸ್ ಮೊದಲಾದವರೊಂದಿಗೆ ಖಿನ್ನತೆಯಿಂದ ಬಳಲುವ ಹೊರರೋಗಿಗಳನ್ನು ಸಂದರ್ಶಿಸಿ 1996ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನಸ್ಸಿನ ದುಃಖ ಹೆಚ್ಚಾಗಿದ್ದವರಲ್ಲಿ ‘ಜನ ಏನಂದಾರು’ ಎಂಬ ಅಂಜಿಕೆಯೂ ಹೆಚ್ಚು. ಮೈಕೈ ನೋವು, ತಲೆ ಭಾರದಂಥ ದೇಹದ ಲಕ್ಷಣ ಹೆಚ್ಚಾಗಿದ್ದವರಲ್ಲಿ ಆ ಅಂಜಿಕೆ ಕಡಿಮೆ. ತಲೆನೋವು ಯಾರಿಗಾದರೂ ಬರುತ್ತದೆ, ಹೇಳಿಕೊಂಡರೆ ನಾಚಿಕೆಯಿಲ್ಲ. ಮನಸ್ಸು ಸರಿಯಿಲ್ಲ ಎಂದರೆ ಮದುವೆಯ ಮಾತು ಮುರಿಯುತ್ತದೆ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ನಾನು ಫಾರ್ಮಿನಲ್ಲಿ ‘ಮಾನಸಿಕ ಒತ್ತಡ’ ಎಂದು ಬರೆದಿದ್ದೆ. ನಿಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ದಖನಿ ಮಾತಾಡುತ್ತೀರಿ, ಉಳಿದವರದು ಸುರಪುರದ ಕನ್ನಡ. ಎರಡರಲ್ಲೂ ಯಾರೂ ಅಮ್ಮಿಯ ಎದುರು, ಅವ್ವನ ಎದುರು ‘ನನಗೆ ಮಾನಸಿಕ ಒತ್ತಡವಿದೆ’ ಎನ್ನುವುದಿಲ್ಲ. ‘ಜೀ ಘಬರಾರಾ’ ಎನ್ನುತ್ತಾರೆ, ‘ಎದಿ ಡವಡವ ಅಂತದ’ ಎನ್ನುತ್ತಾರೆ, ಹೆಚ್ಚೆಂದರೆ ‘ಟೆನ್ಷನ್’. ಪುಸ್ತಕದ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ‘ಇಲ್ಲ’ ಎಂಬುದೇ ಸುಲಭದ ಉತ್ತರ.

ಇನ್ನು ಕೆಲವು ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಕೊಟ್ಟ ಆಯ್ಕೆಗಳೇ ಉತ್ತರವನ್ನು ಎಳೆಯುತ್ತವೆ. ಜರ್ಮನಿಯಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತಿತರರು ಟಿ.ವಿ. ನೋಡುವ ಸಮಯ ಕೇಳಿದರು. ಆಯ್ಕೆಗಳು ಅರ್ಧ ಗಂಟೆಯಿಂದ ಶುರುವಾದಾಗ ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಎಂದವರು ಶೇ. 16.2, ಆಯ್ಕೆಗಳು ಎರಡೂವರೆ ಗಂಟೆಯಿಂದಲೇ ಶುರುವಾದಾಗ ಶೇ. 37.5. ಇದು 1985ರ ಅಧ್ಯಯನ. ಮೊಬೈಲ್ ಬಗ್ಗೆ ಪ್ರಾಜೆಕ್ಟ್ ಮಾಡುವವರು ಇದನ್ನು ಎರಡು ಸಲ ಓದಿ. ಕಾರಣ ಕೇಳಿದಾಗಲೂ ಎಚ್ಚರ ಬೇಕು. ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲಿ ವಿವರಿಸಿದ ಒಂದು ಪ್ರಯೋಗದಲ್ಲಿ ಒಂದೇ ತರಹದ ನಾಲ್ಕು ಜೊತೆ ಕಾಲುಚೀಲಗಳನ್ನು ಸಾಲಾಗಿಟ್ಟು ಉತ್ತಮವಾದದ್ದನ್ನು ಆರಿಸಲು ಹೇಳಿದ್ದರು. ಹೆಚ್ಚು ಮಂದಿ ಆರಿಸಿದ್ದು ಬಲತುದಿಯದು. ಯಾಕೆ ಎಂದರೆ ನೇಯ್ಗೆ, ಗುಣಮಟ್ಟ ಎಂದರು. ಇಟ್ಟ ಜಾಗದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ತಮ್ಮ ಮನಸ್ಸು ಹೇಗೆ ನಡೆಯಿತು ಎಂಬುದು ತಮಗೇ ಕಂಡಿರಲಿಲ್ಲ.

ವಯಸ್ಸಿನಂಥ ಸರಳ ಪ್ರಶ್ನೆಯೂ ಸರಳವಲ್ಲ. ನಮ್ಮ ಜನಗಣತಿಯಲ್ಲಿ ವಯಸ್ಸುಗಳು 30, 35, 40, 45 ಎಂದು ಸೊನ್ನೆ ಮತ್ತು ಐದರಲ್ಲಿ ಗುಂಪುಗೂಡುತ್ತವೆ. ನಿಮ್ಮ ತರಗತಿಯ ಹಾಜರಿಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಮಂದಿ ಎಂದು ಎಣಿಸಿ ನೋಡಿ, ನಗು ಬರುತ್ತದೆ. ಅಜ್ಜಿಯರನ್ನು ‘ವಯಸ್ಸೆಷ್ಟು’ ಎಂದು ಕೇಳುವ ಬದಲು, ನಿಜಾಮರ ರಾಜ್ಯ ಹೋದಾಗ ಎಷ್ಟು ದೊಡ್ಡವರಿದ್ದಿರಿ, 1972ರ ಬರದಲ್ಲಿ ಮದುವೆಯಾಗಿತ್ತೇ ಎಂದು ಕೇಳಿದರೆ ನಿಜದ ಹತ್ತಿರ ಹೋಗಬಹುದು. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಅತಿ ಕಡಿಮೆ ಸಾಕ್ಷರತೆ ನಮ್ಮ ಯಾದಗಿರಿ ಜಿಲ್ಲೆಯದು, ಸುಮಾರು ಶೇ. 52. ಆ ಅಂಕಿ ಕೂಡ ಮನೆಯವರು ‘ಓದು ಬರಹ ಬರುತ್ತದೆ’ ಎಂದು ಹೇಳಿದ್ದರ ಮೇಲೆ ನಿಂತದ್ದು. ಗಣತಿದಾರರು ಯಾರಿಗೂ ಓದಿಸಿ ನೋಡುವುದಿಲ್ಲ. 2005ರಿಂದ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯವರು ಮಗುವಿನ ಮುಂದೆ ನಾಲ್ಕು ಸಾಲು ಇಟ್ಟು ಓದು ಎನ್ನುತ್ತಾರೆ. ಕೇಳುವುದಕ್ಕೂ ಓದಿಸುವುದಕ್ಕೂ ಇರುವ ಅಂತರ ಯಾವ ಶಿಕ್ಷಕರಿಗೂ ಗೊತ್ತು.

ಹಾಗಾದರೆ ಪ್ರಾಜೆಕ್ಟ್ ಮಾಡುವವರು ಏನು ಮಾಡಬೇಕು? ‘ಸಾಮಾನ್ಯವಾಗಿ ಎಷ್ಟು ಹೊತ್ತು ಮಲಗುತ್ತೀರಿ’ ಎನ್ನಬೇಡಿ, ‘ನಿನ್ನೆ ಎಷ್ಟಕ್ಕೆ ಮಲಗಿದಿರಿ, ಇವತ್ತು ಎಷ್ಟಕ್ಕೆ ಎದ್ದಿರಿ’ ಎನ್ನಿ. ಅದನ್ನು ರಂಜಾನಿನಲ್ಲಿ ಕೇಳಿದರೆ ರಂಜಾನಿನಲ್ಲಿ ಕೇಳಿದ್ದು ಎಂದು ಬರೆಯಿರಿ. ಸೆಹರಿಗೆ ಎದ್ದವರ ನಿದ್ದೆ ವರ್ಷದ ನಿದ್ದೆಯಲ್ಲ. ಮೊಬೈಲ್ ಬಳಕೆಯಾದರೆ ಮೊದಲು ಅಂದಾಜು ಬರೆಸಿ, ಆಮೇಲೆ ಅವರು ಒಪ್ಪಿದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಗಂಟೆಯನ್ನೂ ಬರೆದುಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಪ್ರಾಜೆಕ್ಟಿನ ಒಳ್ಳೆಯ ಭಾಗವಾದೀತು. ಪ್ರಶ್ನೆಗಳನ್ನು ಮೊದಲು ಇಬ್ಬರು ಮೂವರಿಗೆ ಓದಿ ‘ನಿಮಗೆ ಏನು ಅರ್ಥವಾಯಿತು’ ಎಂದು ಕೇಳಿ.

ನಾಚಿಕೆಯ ಪ್ರಶ್ನೆಗಳಿಗೆ ಒಂದು ಚೆಂದದ ಉಪಾಯವಿದೆ. ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಸೂಚಿಸಿದ ದಾರಿಯ ಸರಳ ರೂಪ ಇದು. ‘ಪರೀಕ್ಷೆಯಲ್ಲಿ ನಕಲು ಮಾಡಿದ್ದೀರಾ?’ ಎಂಬುದು ಪ್ರಶ್ನೆ ಎಂದುಕೊಳ್ಳಿ. ಪ್ರತಿಯೊಬ್ಬರೂ ಯಾರಿಗೂ ಕಾಣದಂತೆ ನಾಣ್ಯ ಚಿಮ್ಮಬೇಕು. ಸಿಂಹದ ಮುಖ ಬಿದ್ದರೆ ನಿಜ ಏನೇ ಇರಲಿ ‘ಹೌದು’ ಎಂದು ಬರೆಯಬೇಕು, ಅಂಕಿ ಬಿದ್ದರೆ ನಿಜ ಬರೆಯಬೇಕು. ಈಗ ಒಬ್ಬರ ‘ಹೌದು’ ನೋಡಿ ಅವರನ್ನು ಹಿಡಿಯಲಾಗದು. ಆದರೆ 40 ಜನರ ತರಗತಿಯಲ್ಲಿ ಸುಮಾರು 20 ಮಂದಿ ನಾಣ್ಯದಿಂದಲೇ ಹೌದು ಎನ್ನುತ್ತಾರೆ. ಒಟ್ಟು 26 ‘ಹೌದು’ ಬಂದರೆ, ನಿಜ ಬರೆದ ಉಳಿದ 20ರಲ್ಲಿ ಸುಮಾರು ಆರು ಹೌದು. ಅಂದರೆ ಶೇ. 30ರ ಆಸುಪಾಸು. ತರಗತಿ ಚಿಕ್ಕದಾದಷ್ಟೂ ಅಂದಾಜು ಅಲುಗಾಡುತ್ತದೆ, ಅದನ್ನೂ ಬರೆಯಿರಿ.

ಒಂದು ಮಾತು ಮುಖ್ಯ. ಮನಸ್ಸಿನ ಬಗ್ಗೆ ಕೇಳುವಾಗ ಯಾರಾದರೂ ಬದುಕೇ ಬೇಡವಾಗಿದೆ ಎಂಬಂತೆ ಹೇಳಿದರೆ ಅದನ್ನು ಪಟ್ಟಿಯಲ್ಲಿ ಒಂದು ಗೀಟು ಎಂದು ಎಣಿಸಿ ಮುಂದೆ ಹೋಗಬೇಡಿ. ಅವರ ಜೊತೆ ಕೂತುಕೊಳ್ಳಿ, ಅವತ್ತೇ ನಮ್ಮಲ್ಲಿ ಯಾರಿಗಾದರೂ ಹೇಳಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಆ ಹುಡುಗ ಮರುವರ್ಷ ಖಾಸಗಿಯಾಗಿ ಕಟ್ಟಿ ಪರೀಕ್ಷೆ ಪಾಸಾದ. ಹೊಸ ಫಾರ್ಮ್ ತಯಾರಿಸುವಾಗ ಅವನನ್ನೇ ಕರೆಸಿ ಹಳೆಯದನ್ನು ಮುಂದಿಟ್ಟೆ. ಓದಿ, ಮೇಲಿದ್ದ ಹೆಸರಿನ ಗೆರೆಯನ್ನು ಪೆನ್ನಿನಿಂದ ಹೊಡೆದುಹಾಕಿದ. ಆಮೇಲೆ ಮೊದಲ ಪ್ರಶ್ನೆಯ ಮೇಲೆ ಬೆರಳಿಟ್ಟು, ‘ಓದ್ಲಿಕ್ಕ ತೊಂದ್ರಿ ಐತೇನು ಅಂತ ಕೇಳಬ್ಯಾಡ್ರಿ ಸರ್. ನಿನ್ನಿ ರಾತ್ರಿ ಹತ್ತು ಗಂಟೆಕ್ಕ ಎಲ್ಲಿದ್ದಿ ಅಂತ ಕೇಳ್ರಿ’ ಎಂದ. ಈಗ ನಿಮಗೆ ಕೊಡುವ ಫಾರ್ಮಿನಲ್ಲಿ ಮೊದಲ ಪ್ರಶ್ನೆ ಅದೇ.